ರಾಗಮಾಲಾ ಚಿತ್ರಗಳೂ ರಾಗಸ್ವರೂಪವೂ

ಸಂಗೀತವು ಶ್ರವಣಗೋಚರವಾದುದು, ಚಿತ್ರವು ನಯನಗೋಚರವಾದುದು. ಹೀಗೆ ಇಂದ್ರಿಯಭೇದವುಳ್ಳ ಈ ಎರಡು ಕಲೆಗಳಿಗೂ ನಮ್ಮ ಪೂರ್ವಿಕರು ಬಹುಕಾಲದಿಂದ ಸಂಬಂಧವನ್ನು ಹೇಳುತ್ತ ಬಂದಿದ್ದಾರೆ. ಚಿತ್ರವನ್ನರಿಯಲು ನೃತ್ತವನ್ನೂ, ನೃತ್ತವನ್ನರಿಯಲು ವಾದ್ಯವನ್ನೂ, ವಾದ್ಯವನ್ನರಿಯಲು ಗೀತವನ್ನೂ ಮೊದಲು ತಿಳಿದಿರಬೇಕೆಂಬುದು ವಿಷ್ಣುಧರ್ಮೋತ್ತರದ ತೃತೀಯಖಂಡದಲ್ಲಿ ಮಾರ್ಕಂಡೇಯನು ವಜ್ರರಾಜನಿಗೆ ಮಾಡಿದ ಉಪದೇಶದ ಸಾರ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೂ ಚಿತ್ರಕರ್ಮವನ್ನು ತೃತೀಯವಿಂಶತಿಯಲ್ಲಿಯೂ, ಗೀತ ವಾದ್ಯ ನೃತ್ಯಗಳನ್ನು ಚತುರ್ಥವಿಂಶತಿಯಲ್ಲಿಯೂ ನಿರೂಪಿಸುತ್ತದೆ.

ಆದರೆ ಒಂದೊಂದು ರಾಗವನ್ನೂ ಪ್ರತ್ಯೇಕವಾಗಿ ಚಿತ್ರಿಸುವ ರಾಗಮಾಲೆಯ ಪದ್ಧತಿಯು ಈಚಿನದು. ಈ ಚಿತ್ರಕಾರರು ಬರೆದುದು ರಾಗದ ಸ್ವರರೂಪವನ್ನೋ, ಬೇರೊಂದನ್ನೋ? ಈ ಪ್ರಶ್ನೆಗೆ ದೊರೆಯುವ ಉತ್ತರವನ್ನನುಸರಿಸಿ, ಸಂಗೀತದ ಇತಿಹಾಸಕ್ಕೆ ಈ ಚಿತ್ರಗಳು ಪ್ರಮಾಣವಾಗಬಲ್ಲವೇ ಎಂಬುದು ನಿರ್ಣಯವಾಗುತ್ತದೆ.

ಕ್ರಿ. ಶ. ೧೩೫೦ರಲ್ಲಿ ಜೈನ ವಿದ್ವಾಂಸನಾದ ಸುಧಾಕಲಶನು ತನ್ನ ಸಂಗೀತೋಪನಿಷತ್ಸಾರೋದ್ಧಾರದಲ್ಲಿ ರಾಗಗಳನ್ನು ಆಯುಧವಾಹನಾದಿಗಳಿಂದ ಕೂಡಿದ ದೇವತೆಗಳಂತೆ ವರ್ಣಿಸಿದನು. ಮುಂದೆ ಈ ದೇವತೆಗಳು ಕಾವ್ಯದ ನಾಯಕನಾಯಿಕೆಯರಾಗಿ ಮಾರ್ಪಟ್ಟರು. ಮೇಷಕರ್ಣನು ೧೫೭೦ರಲ್ಲಿ ಆರು ರಾಗಗಳಿಗೆ ಐದೈದು ಪತ್ನಿಯರನ್ನೂ ಎಂಟೆಂಟು ಪುತ್ರರನ್ನೂ ಕಲ್ಪಿಸಿ ೮೪ ಮಂದಿಯ ಕುಟುಂಬವನ್ನು ಕಟ್ಟಿದನು. ಕಾಶಿಯ ಬಳಿಯ ಚುನಾರದಲ್ಲಿ ೧೫೯೧ರಲ್ಲಿಯೂ, ಮೇವಾಡದ ಚಾವಂಡದಲ್ಲಿ ೧೬೦೫ರಲ್ಲಿಯೂ ಬರೆದ ಮಾಲೆಗಳು ಕಾಲನಿರ್ದೇಶವುಳ್ಳ ಪ್ರಾಚೀನ ಉದಾಹರಣೆಗಳು. ಇಂತಹ ಅನೇಕ ಚಿತ್ರಗಳ ನೆತ್ತಿಯ ಮೇಲೆ ಧ್ಯಾನಶ್ಲೋಕವನ್ನು ಬರೆದಿರುವುದು ಗಮನಾರ್ಹವಾದುದು.

ಕೆಲವೆಡೆ ರಾಗದ ಹೆಸರೇ ಚಿತ್ರಕ್ಕೆ ಬೀಜವಾಗಿದೆ. ಹಿಂದೋಲವೆಂದರೆ ಉಯ್ಯಾಲೆ, ಚಿತ್ರದಲ್ಲಿಯೂ ಉಯ್ಯಾಲೆಯೇ. ಮೇಘರಾಗದಲ್ಲಿ ಕಾರ್ಮುಗಿಲು. ಅಸಾವೇರಿಯೆಂಬ ಹೆಸರು ಶಬರಿಯನ್ನು ನೆನಪಿಗೆ ತರುವುದರಿಂದಲೇ ಇರಬೇಕು, ಸರ್ಪಗಳ ನಡುವೆ ಕುಳಿತ ಶಬರಸ್ತ್ರೀ. ಇಲ್ಲಿ ಕುಂಚವನ್ನು ನಡೆಸಿದುದು ಶಬ್ದಾರ್ಥವೇ ಹೊರತು ಸ್ವರವಲ್ಲ.

ತೋಡಿಯ ಉದಾಹರಣೆಯು ಇದಕ್ಕಿಂತಲೂ ಪ್ರಬಲವಾದುದು. ವೀಣೆಯನ್ನು ಹಿಡಿದ ತರುಣಿ, ನಾದಕ್ಕೆ ಮರುಳಾಗಿ ಬಂದ ಹರಿಣಗಳು: ಶತಮಾನಗಳ ಕಾಲ ತೋಡಿಯ ಚಿತ್ರವು ಹೀಗೆಯೇ ನಡೆದುಬಂದಿತು. ರಾಗವಾದರೋ ಹಾಗೆ ಉಳಿಯಲಿಲ್ಲ. ಲೋಚನನ ರಾಗತರಂಗಿಣಿಯಲ್ಲಿ ಶುದ್ಧಮಧ್ಯಮವನ್ನು ಹೊಂದಿದ್ದ ತೋಡಿಯು ಇಂದಿನ ಹಿಂದೂಸ್ಥಾನಿ ಪದ್ಧತಿಯಲ್ಲಿ ತೀವ್ರಮಧ್ಯಮವುಳ್ಳದ್ದಾಗಿ, ನಮ್ಮ ೪೫ನೆಯ ಮೇಳವಾದ ಶುಭಪಂತುವರಾಳಿಯ ಸ್ವರಗಳನ್ನು ಪಡೆದಿದೆ. ನಮ್ಮ ತೋಡಿಯ, ಎಂದರೆ ಎಂಟನೆಯ ಮೇಳದ, ಸ್ವರಗಳು ಉತ್ತರದಲ್ಲಿ ಭೈರವಿಯ ಸ್ವರಗಳು. ರಾಗಮಾಲೆಯ ಭೈರವಿಯಾದರೋ ಶಿವಲಿಂಗವನ್ನು ಪೂಜಿಸುವ ಸ್ತ್ರೀ. ಚಿತ್ರವು ಸ್ವರದಿಂದ ಹುಟ್ಟಿದ್ದಾದರೆ, ಸ್ವರವು ಬದಲಾದಾಗ ಚಿತ್ರವೂ ಬದಲಾಗಬೇಕಿತ್ತು. ನಮ್ಮ ತೋಡಿಯ ಮುಂದೆ ಹರಿಣಗಳಿಗೆ ಪ್ರತಿಯಾಗಿ ಲಿಂಗವಿರಬೇಕಿತ್ತು. ಹಾಗಾಗಲಿಲ್ಲ. ಸ್ವರವು ಗಾಯಕರ ಕಂಠದಲ್ಲಿ ಹರಿದು ರೂಪಾಂತರಗೊಂಡಿತು. ಶ್ಲೋಕವು ಓಲೆಯಲ್ಲಿಯೂ ಕಾಗದದಲ್ಲಿಯೂ ನಿಂತಿತು. ಚಿತ್ರವು ಶ್ಲೋಕವನ್ನು ಹಿಂಬಾಲಿಸಿತು.

ಈ ಎರಡು ಮಾರ್ಗಗಳನ್ನೂ ಬಲ್ಲವನೊಬ್ಬನು ಕನ್ನಡನಾಡಿನಲ್ಲಿ ಹುಟ್ಟಿದ್ದನೆಂಬುದು ಸ್ಮರಣೀಯ. ಶಿವಗಂಗೆಯ ಬೆಟ್ಟದ ಸಮೀಪದ ಸಾತನೂರಿನವನಾದ ಪುಂಡರೀಕ ವಿಠ್ಠಲನು ಖಾನದೇಶದ ಬುರ್ಹಾನಖಾನನ ಆಶ್ರಯದಲ್ಲಿ ಸದ್ರಾಗಚಂದ್ರೋದಯವನ್ನು ರಚಿಸಿದನು. ಅಲ್ಲಿ ಅವನು ಹಿಡಿದುದು ರಾಮಾಮಾತ್ಯನು ೧೫೫೦ರಲ್ಲಿ ವಿಜಯನಗರದಲ್ಲಿ ಸ್ವರಮೇಳಕಲಾನಿಧಿಯಿಂದ ಬೆಳಗಿಸಿದ ಮೇಳಮಾರ್ಗವನ್ನು. ಅದೇ ಪುಂಡರೀಕನು ೧೫೭೬ರ ರಾಗಮಾಲಾ ಗ್ರಂಥದಲ್ಲಿ ರಾಗ, ಪತ್ನಿ, ಪುತ್ರರೆಂಬ ವಿಭಾಗವನ್ನು ಅಂಗೀಕರಿಸಿ, ಸ್ವರಲಕ್ಷಣದೊಡನೆ ಮೂರ್ತಿವರ್ಣನೆಯನ್ನೂ ಕೊಟ್ಟನು. ಲಕ್ಷಣ ಬೇರೆ, ಮೂರ್ತಿ ಬೇರೆ ಎಂಬುದು ಈ ಒಬ್ಬ ಗ್ರಂಥಕಾರನ ಕೃತಿಗಳಿಂದಲೇ ವ್ಯಕ್ತವಾಗುತ್ತದೆ. ದಕ್ಷಿಣದ ಶಾಸ್ತ್ರಕಾರರು ಮುಂದೆ ಮೇಳವನ್ನೇ ಪ್ರಧಾನವಾಗಿ ಹಿಡಿದರು. ಉತ್ತರದ ಚಿತ್ರಶಾಲೆಗಳು ಮೂರ್ತಿಯನ್ನು ಹಿಡಿದವು.

ಹಾಗಾದರೆ ಈ ಚಿತ್ರಗಳಿಗೂ ಸಂಗೀತಕ್ಕೂ ಸಂಬಂಧವೇ ಇಲ್ಲವೆನ್ನಬಹುದೇ? ಹಾಗೆನ್ನುವುದು ಸಾಹಸವಾದೀತು. ಋತು, ವೇಳೆ, ವಿರಹ, ಸಂಭೋಗಗಳನ್ನು ಗಾಯಕನೂ ಚಿತ್ರಕಾರನೂ ಸಮಾನವಾಗಿ ಆಶ್ರಯಿಸಿದರು. ಇಬ್ಬರ ಗುರಿಯೂ ರಸವೇ. ಆದರೆ ಅವರಿಬ್ಬರ ನಡುವೆ ಸೇತುವಾಗಿ ನಿಂತವನು ಕವಿ. ಆದುದರಿಂದ ರಾಗಮಾಲಾ ಚಿತ್ರವನ್ನು ನೋಡಿ ಹಳೆಯ ರಾಗವು ಹೇಗೆ ಕೇಳಿಸುತ್ತಿತ್ತೆಂದು ಊಹಿಸುವುದು ಯುಕ್ತವಲ್ಲ. ರಾಗದ ಹೆಸರನ್ನು ಕೇಳಿದ ರಸಿಕನ ಮನಸ್ಸಿನಲ್ಲಿ ಯಾವ ಕಾವ್ಯವು ಮೂಡುತ್ತಿತ್ತೆಂಬುದಕ್ಕೆ ಮಾತ್ರ ಅದಕ್ಕಿಂತ ಉತ್ತಮವಾದ ಸಾಕ್ಷಿ ಬೇಕಿಲ್ಲ. ಈ ಕಾರಣದಿಂದ, ಸಂಗೀತಶಾಸ್ತ್ರಜ್ಞರಿಗಿಂತಲೂ ಮೊದಲು ಸಾಹಿತ್ಯಾಭ್ಯಾಸಿಗಳು ಈ ಚಿತ್ರಗಳ ಕಡೆಗೆ ದೃಷ್ಟಿ ಹರಿಸುವುದು ಉಚಿತ.