ಗುಲಾಬಿ ಕಡ್ಡಿ ಯಾರ ಸ್ವತ್ತು?

"ಒಂದು ಕಡ್ಡಿ ಕೊಡಕ್ಕಾ" ಅಂದರೆ ಸಾಕು, ನಮ್ಮ ಹಳ್ಳಿಗಳಲ್ಲಿ ಗುಲಾಬಿ ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ದಾಟುತ್ತದೆ. ದುಡ್ಡಿಲ್ಲ, ರಸೀದಿಯಿಲ್ಲ. ಆದರೆ ಇಂಥದ್ದೇ ಕಡ್ಡಿಯ ಹಕ್ಕು ಯಾರದು ಎಂಬ ಪ್ರಶ್ನೆ ಅಮೆರಿಕದಲ್ಲಿ ಒಂದು ಕಾಯ್ದೆಯನ್ನೇ ತಂದಿತು.

ಕಾರಣ ಸರಳ. ಗುಲಾಬಿಯ ಬೀಜ ಬಿತ್ತಿದರೆ ತಾಯಿಗಿಡದಂಥದ್ದೇ ಹೂ ಬರುವುದಿಲ್ಲ. ಕಡ್ಡಿ ನೆಟ್ಟರೆ ಬಣ್ಣ, ವಾಸನೆ, ಮುಳ್ಳು ಎಲ್ಲವೂ ತಾಯಿಯದೇ. ಹಾಗಾಗಿ ಹೊಸ ತಳಿ ತಂದವರು ಒಂದು ಗಿಡ ಮಾರಿದರೆ, ಕೊಂಡವರು ಅದರಿಂದ ನೂರಾರು ಗಿಡ ಮಾಡಿ ತಾವೇ ಮಾರಬಹುದಿತ್ತು. ತಳಿ ತಂದವರಿಗೆ ಸಿಕ್ಕಿದ್ದು ಒಂದೇ ಗಿಡದ ಬೆಲೆ.

1930ರ ಮೇ ತಿಂಗಳಲ್ಲಿ ಅಧ್ಯಕ್ಷ ಹರ್ಬರ್ಟ್ ಹೂವರ್ ಸಸ್ಯ ಪೇಟೆಂಟ್ ಕಾಯ್ದೆಗೆ ಸಹಿ ಹಾಕಿದರು. ಕಡ್ಡಿ, ಕಸಿಯಿಂದ ಬೆಳೆಸುವ ಹೊಸ ತಳಿಗೆ 17 ವರ್ಷ ರಕ್ಷಣೆ. ಆಲೂಗಡ್ಡೆಯಂಥ ಗೆಡ್ಡೆ ಬೆಳೆಗಳನ್ನು ಮಾತ್ರ ಹೊರಗಿಟ್ಟರು. 1931ರ ಆಗಸ್ಟ್ 18ರಂದು ಮೊದಲ ಸಸ್ಯ ಪೇಟೆಂಟ್ ಸಿಕ್ಕಿದ್ದು ಗುಲಾಬಿಗೇ. ನ್ಯೂಜೆರ್ಸಿಯ ಹೆನ್ರಿ ಬೋಸೆನ್‌ಬರ್ಗ್ ಅವರ 'ನ್ಯೂ ಡಾನ್' ಎಂಬ ತಿಳಿಗುಲಾಬಿ ಬಣ್ಣದ ಬಳ್ಳಿಗುಲಾಬಿ ಅದು. ಅದರ ತಾಯಿತಳಿ ವರ್ಷಕ್ಕೊಮ್ಮೆ ಹೂ ಬಿಡುತ್ತಿತ್ತು, ಇದು ಮತ್ತೆ ಮತ್ತೆ ಬಿಡುತ್ತಿತ್ತು. ಪೇಟೆಂಟ್ ಅವಧಿ ಮುಗಿದು ದಶಕಗಳಾದವು. ಈಗ ಅದರ ಕಡ್ಡಿಯನ್ನು ಯಾರು ಬೇಕಾದರೂ ನೆಡಬಹುದು.

ಭಾರತ ಬೇರೆ ದಾರಿ ಹಿಡಿಯಿತು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ತಳಿ ತಂದವರ ಹಕ್ಕನ್ನೂ ರೈತರ ಹಕ್ಕನ್ನೂ ಒಟ್ಟಿಗೇ ಬರೆದಿದೆ. ತಾನು ಬೆಳೆದದ್ದನ್ನು ರೈತ ಉಳಿಸಿಕೊಳ್ಳಬಹುದು, ಮತ್ತೆ ನೆಡಬಹುದು, ಹಂಚಬಹುದು, ವಿನಿಮಯ ಮಾಡಬಹುದು, ಮಾರಲೂಬಹುದು. ಸಂರಕ್ಷಿತ ತಳಿಯನ್ನು ಬ್ರಾಂಡ್ ಹೆಸರು ಹಾಕಿ ಬೀಜವೆಂದು ಮಾರುವಂತಿಲ್ಲ, ಅಷ್ಟೇ. ಈ ಕಾಯ್ದೆಯಲ್ಲಿ 'ಬೀಜ' ಅಂದರೆ ಕಾಳು ಮಾತ್ರವಲ್ಲ, ಮತ್ತೆ ಚಿಗುರಬಲ್ಲ ಗಿಡದ ಭಾಗವೂ ಹೌದು. ಅಂದರೆ ನಿಮ್ಮ ಕೈಯಲ್ಲಿರುವ ಕಡ್ಡಿಯೂ ಬೀಜವೇ.

ನೆಡುವ ವಿಧಾನ ಮಾತ್ರ ಹಳೆಯದೇ. ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ ರೆಂಬೆಯಿಂದ ಗೇಣುದ್ದದ ಕಡ್ಡಿ ತೆಗೆಯಿರಿ. ಕೆಳಗೆ ಗೆಣ್ಣಿನ ಬುಡದಲ್ಲೇ ಓರೆಯಾಗಿ ಕತ್ತರಿಸಿ. ತುದಿಯ ಎರಡು ಎಲೆ ಬಿಟ್ಟು ಉಳಿದವನ್ನು ಕಿತ್ತು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಡಿ. ಮರಳು ಬೆರೆಸಿದ ಮಣ್ಣು, ನೆರಳು, ಹದವಾದ ತೇವ ಇದ್ದರೆ ಬೇರು ಬರುತ್ತದೆ. ನೀರು ನಿಂತರೆ ಕೊಳೆಯುತ್ತದೆ. ಚಿಗುರು ಕಂಡ ತಕ್ಷಣ ಕಿತ್ತು ನೋಡಬೇಡಿ. ಎಷ್ಟೋ ಸಲ ಬೇರಿಗಿಂತ ಮೊದಲು ಚಿಗುರೇ ಬರುತ್ತದೆ.

ಬದುಕಿದ ಗಿಡದಿಂದ ಮುಂದೆ ಒಂದು ಕಡ್ಡಿ ಪಕ್ಕದ ಮನೆಗೂ ಕೊಡಿ. ಅದು ಬರೀ ಉಪಕಾರವಲ್ಲ, ಕಾಯ್ದೆಯಲ್ಲಿ ಬರೆದಿಟ್ಟಿರುವ ರೈತರ ಹಕ್ಕು.