ಸವೆತ ಹೇಳುವ ಚರಿತ್ರೆ: ದುರ್ಗದ ಮದ್ದು, ಹಳೆಯ ಕೋವಿ

ಚಿತ್ರದುರ್ಗ ಎಂದೊಡನೆ ನಿಮಗೆ ಮದಕರಿ ನಾಯಕನೂ ಒನಕೆ ಓಬವ್ವನೂ ನೆನಪಾಗುತ್ತಾರೆ. 1779ರಲ್ಲಿ ಕೋಟೆ ಹೈದರಾಲಿಯ ವಶವಾದುದನ್ನು ನೀವು ಓದಿದ್ದೀರಿ. ಆದರೆ ಮದ್ದು ಅರೆದವರು, ಕೋವಿಯ ನಳಿಗೆ ಬಡಿದವರು, ಕೋವಿ ಹೊತ್ತು ಕಾವಲು ನಿಂತವರು ಯಾರು? ಅವರು ಶಾಸನ ಬರೆಸಲಿಲ್ಲ. ಅವರ ದುಡಿಮೆಯ ಗುರುತು ಉಳಿದಿರುವುದು ಅವರು ಬಳಸಿದ ವಸ್ತುಗಳ ಸವೆತದಲ್ಲಿ. ಅದನ್ನು ಓದಲು ಕಲಿಯುವುದೂ ಚರಿತ್ರೆಯ ಪಾಠವೇ.

ಕೋಟೆಯೊಳಗೆ ಒಂದು ಹೊಂಡದಲ್ಲಿ ಮದ್ದು ಅರೆಯುವ ನಾಲ್ಕು ಭಾರಿ ಬೀಸುವ ಕಲ್ಲುಗಳಿವೆ. ಆನೆಗಳಿಂದ ಇವನ್ನು ತಿರುಗಿಸುತ್ತಿದ್ದರೆಂದು ಹೇಳುತ್ತಾರೆ. ಪೆಟ್ಲುಪ್ಪು, ಇದ್ದಿಲು, ಗಂಧಕಗಳು ಸುಮಾರು 75, 15, 10ರ ಪ್ರಮಾಣದಲ್ಲಿ ನುಣ್ಣಗೆ ಬೆರೆತರೆ ಕರಿಮದ್ದು ಆಗುತ್ತದೆ. ಪೆಟ್ಲುಪ್ಪು ಮಣ್ಣಿನಿಂದ, ಇದ್ದಿಲು ಮರದಿಂದ, ಗಂಧಕ ವ್ಯಾಪಾರಿಗಳ ಕೈಯಿಂದ ಬರಬೇಕು. ಒಂದು ಹಿಡಿ ಮದ್ದಿನ ಹಿಂದೆ ಎಷ್ಟು ಜನರ ಬೆವರಿದೆ ಎಂದು ಯೋಚಿಸಿ!

ಕಬ್ಬಿಣವೂ ದೂರದ್ದಾಗಿರಬೇಕಿರಲಿಲ್ಲ. ಹೊಳಲ್ಕೆರೆ, ಹೊಸದುರ್ಗ ಕಡೆಯ ಗುಡ್ಡಗಳಲ್ಲಿ ಅದಿರಿದೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಹಿರಿಯೂರಿನ ಸುತ್ತಲಿನ ಕಬ್ಬಿಣದ ಗಣಿಗಳನ್ನು ಕಂಡು ಬರೆದಿಟ್ಟಿದ್ದಾರೆ.

ಈಗ ಆ ಕಾಲದ ಬತ್ತಿಯ ಕೋವಿಯನ್ನು ನೋಡೋಣ. ಕುದುರೆ ಎಳೆದರೆ ಉರಿಯುವ ಬತ್ತಿ ಬಾಗಿ ಬಟ್ಟಲಿನ ಮದ್ದಿಗೆ ತಗಲುತ್ತದೆ. ಕಿಡಿ ಸಣ್ಣ ರಂಧ್ರದ ಮೂಲಕ ನಳಿಗೆಯೊಳಗೆ ಹೋಗುತ್ತದೆ. ಇಂಥ ಕೋವಿಯನ್ನು ಪರೀಕ್ಷಿಸುವ ತಜ್ಞರು ಮೊದಲು ಒಳಗೆ ಮದ್ದು ಉಳಿದಿದೆಯೇ ಎಂದು ನೋಡುತ್ತಾರೆ. ಮರದ ಕಡ್ಡಿಯನ್ನು ಬಾಯಿಯಿಂದ ಇಳಿಸಿ, ಒಳಗಿನ ಆಳವನ್ನು ಹೊರಗಿನ ಉದ್ದಕ್ಕೆ ಹೋಲಿಸುತ್ತಾರೆ. ಕಡ್ಡಿ ಕಿಡಿಯ ರಂಧ್ರದವರೆಗೆ ತಲುಪದಿದ್ದರೆ ಒಳಗೆ ಏನೋ ಇದೆಯೆಂದೇ ಅರ್ಥ. ಅದು ಸುರಕ್ಷಿತವೆಂದು ಖಚಿತವಾದ ಮೇಲೆಯೇ ಪ್ರತಿ ಭಾಗದ ಚಿತ್ರ ತೆಗೆದು, ಗುರುತು ಹಾಕಿ, ಒಂದೊಂದಾಗಿ ಬಿಚ್ಚುತ್ತಾರೆ.

ಇಲ್ಲಿ ಒಂದು ವ್ಯತ್ಯಾಸವನ್ನು ನೆನಪಿಡಿ. ತುಕ್ಕು ಬೇರೆ, ಸವೆತ ಬೇರೆ. ತುಕ್ಕು ತೇವ ತಗಲಿದಲ್ಲೆಲ್ಲ ಹಿಡಿಯುತ್ತದೆ. ಸವೆತವಾಗುವುದು ಕೈ, ಸರಳು ಮತ್ತು ಬೆಂಕಿ ಪದೇಪದೇ ತಾಗಿದ ಕಡೆ ಮಾತ್ರ. ಕಿಡಿಯ ರಂಧ್ರ ಅಗಲವಾಗಿದ್ದರೆ ಕೋವಿ ಹಲವು ಬಾರಿ ಹಾರಿದೆ. ಬಾಯಿಯ ಒಂದು ಅಂಚು ತೆಳುವಾಗಿದ್ದರೆ, ಮದ್ದು ದಟ್ಟಿಸುವ ಗಜ ಅಲ್ಲಿ ಉಜ್ಜಿರಬೇಕು. ಹಿಡಿಯ ಮರ ನುಣುಪಾಗಿದ್ದರೆ ಅದು ಬಹುಕಾಲ ಕೈಯಲ್ಲಿತ್ತು. ಚಿತ್ತಾರ ತುಂಬಿದ್ದರೂ ಸವೆತವೇ ಇಲ್ಲದ ಕೋವಿ ಬಹುಶಃ ಮೆರವಣಿಗೆಯದು.

ಯಂತ್ರ ಬದಲಾದರೆ ಸವೆಯುವ ಜಾಗವೂ ಬದಲಾಗುತ್ತದೆ. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ 1897ರ ವಿಂಚೆಸ್ಟರ್ ಕೋವಿಯಲ್ಲಿ ಮುಂದಿನ ಹಿಡಿಯನ್ನು ಹಿಂದೆಳೆದರೆ ಖಾಲಿ ತೋಟಾ ಹೊರಬೀಳುತ್ತದೆ. ಮುಂದೆ ತಳ್ಳಿದರೆ ಹೊಸದು ನಳಿಗೆ ಸೇರುತ್ತದೆ. ಅಲ್ಲಿ ಪರೀಕ್ಷಿಸಬೇಕಾದದ್ದು ಜಾರುವ ಭಾಗಗಳನ್ನು, ತೋಟಾ ಕೀಳುವ ಕೊಕ್ಕೆಯನ್ನು.

ಹಳೆಯ ಆಯುಧಗಳನ್ನು ಹಬ್ಬಕ್ಕೆಂದು ಮರಳುಕಾಗದದಿಂದ ತಿಕ್ಕಿ ಹೊಳಪಿಸುವುದುಂಟು. ಹೊಳಪು ಬರುತ್ತದೆ, ಆದರೆ ಈ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಹರಿದ ಓಲೆಗರಿಯನ್ನು ಮತ್ತೆ ಓದಲಾಗದು. ಉಜ್ಜಿದ ಲೋಹವೂ ಹಾಗೆಯೇ.

ಮನೆಯ ಅಟ್ಟದಲ್ಲಿ ಹಳೆಯ ಕೋವಿ ಕಂಡರೆ ನೀವು ಮುಟ್ಟಬೇಡಿ, ಬಿಚ್ಚಲಂತೂ ಬೇಡಿ. ಹಿರಿಯರಿಗೂ ಪೊಲೀಸರಿಗೂ ತಿಳಿಸಿ. ಓದುವ ಹಂಬಲವಿದ್ದರೆ ದುರ್ಗದ ರಂಗಯ್ಯನಬಾಗಿಲ ಬಳಿಯ ವಸ್ತುಸಂಗ್ರಹಾಲಯಕ್ಕೆ ಹೋಗಿ, ಬಳಿಕ ಕೋಟೆಯ ಬೀಸುವ ಕಲ್ಲುಗಳ ಮುಂದೆ ನಿಲ್ಲಿ. ಯಾವ ಭಾಗ ಸವೆದಿದೆ, ಏಕೆ ಸವೆದಿದೆ ಎಂದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ. ಹೆಸರಿಲ್ಲದವರ ಚರಿತ್ರೆ ಅಲ್ಲಿಂದ ಆರಂಭವಾಗುತ್ತದೆ.