ಕಡಲಿಲ್ಲದ ಸೀಮೆಯ ಬಂದರು ಮಾತು

"ಏನಪಾ, ಪಗಾರ ಆತೇನ?" ಫೆಲೋಶಿಪ್ ತಡವಾದಾಗಲೆಲ್ಲ ಗೋಕಾಕದಿಂದ ಅವ್ವ ಫೋನಿನಲ್ಲಿ ಕೇಳುವ ಮಾತಿದು. ಒಮ್ಮೆ ಸೆಮಿನಾರಿನಲ್ಲಿ ಈ ಪದ ಬಾಯಿಗೆ ಬಂದಾಗ, "ಅದು ಕನ್ನಡವಲ್ಲ, ಸಂಬಳ ಅನ್ನಿ" ಎಂದರು. ನಾಚಿ ತಿದ್ದಿಕೊಂಡೆ.

ಪಗಾರ ಪೋರ್ಚುಗೀಸ್ ಮೂಲದ ಪದ, ನಿಜ. ಚಾವಿ, ಬಟಾಟಿಗಳೂ ಅಷ್ಟೇ. ಪಡುವಣ ಕರಾವಳಿಯ ಬಂದರುಗಳಲ್ಲಿ ಇಳಿದ ಈ ಪದಗಳು ಕೊಂಕಣಿ, ಮರಾಠಿಗಳ ಹೆಗಲೇರಿ ಘಟ್ಟ ಹತ್ತಿದವು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. 1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿ ಹತ್ತಿ ಗಿರಣಿಯೂ ಎದ್ದಿತು. ಹೀಗೆ ಕಡಲು ಕಾಣದ ಊರಿಗೂ ಕಡಲಿನ ಮಾತು ಬಂತು.

ಬಂದದ್ದನ್ನು ನಮ್ಮವರು ಹಾಗೆಯೇ ಇಟ್ಟುಕೊಳ್ಳಲಿಲ್ಲ. ಮನೆಯನ್ನು ಮನಿ, ತಲೆಯನ್ನು ತಲಿ ಎನ್ನುವ ನಾಲಿಗೆ ಮರಾಠಿಯ ಬಟಾಟಾವನ್ನೂ ಬಟಾಟಿ ಮಾಡಿತು. ಪದ ಹೊರಗಿನದು, ಉಚ್ಚಾರದ ನಿಯಮ ನಮ್ಮದು. ಕನ್ನಡವಾಗಲು ಇನ್ನೇನು ಬೇಕು?

ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಸೀಮೆಯ ನುಡಿಯಲ್ಲೇ ನಾಟಕ ಕಟ್ಟಿದರು. 2010ನೇ ಸಾಲಿನ ಜ್ಞಾನಪೀಠ ಅವರಿಗೆ ಸಂದಿತು. ರಂಗದ ಮೇಲೆ ಚಪ್ಪಾಳೆ ಪಡೆಯುವ ನುಡಿ ಸೆಮಿನಾರಿನಲ್ಲಿ ಮಾತ್ರ ತಪ್ಪಾಗುವುದು ಹೇಗೆ?

"ಇನ್ನೂ ಆಗಿಲ್ಲಬೇ" ಎಂದು ಅವ್ವನಿಗೆ ಹೇಳಿದೆ. ಪ್ರಬಂಧದಲ್ಲಿ ಪಗಾರವನ್ನು ಮಾತ್ರ ಇನ್ನು ತಿದ್ದುವುದಿಲ್ಲ.